ಬಂಗಲೆ ಉಳಿದರೆ ಸಾಲದು, ಬಾಳಬೇಕು

ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಳೆಯ ಬಂಗಲೆಯೊಂದು ನೆಲಸಮವಾದಾಗಲೆಲ್ಲ ಒಂದು ವಿಧಿ ತಪ್ಪದೆ ನಡೆಯುತ್ತದೆ. ಪತ್ರಿಕೆಯಲ್ಲಿ ಒಂದು ಛಾಯಾಚಿತ್ರ, ನಾಲ್ಕಾರು ಓದುಗರ ಪತ್ರಗಳು, ಆಸಕ್ತರ ಒಂದು ಸಭೆ. ವರ್ಷ ತಿರುಗುವುದರೊಳಗೆ ಆ ಜಾಗದಲ್ಲಿ ಕಾಂಕ್ರೀಟ್ ಕಂಬಗಳು ಎದ್ದು ನಿಲ್ಲುತ್ತವೆ. ಬಂಗಲೆಯ ಹೆಸರು ಅಪಾರ್ಟ್‌ಮೆಂಟಿನ ನಾಮಫಲಕದಲ್ಲಿ ಮಾತ್ರ ಉಳಿಯುತ್ತದೆ. ಹೀಗೆ ಮರುಗುವವರು ಸಾಮಾನ್ಯವಾಗಿ ಮುಂದಿಡುವ ಪರಿಹಾರವೂ ಒಂದೇ: ‘ಅದನ್ನು ವಸ್ತುಸಂಗ್ರಹಾಲಯ ಮಾಡಬಹುದಿತ್ತು.’ ಮಾಡಬಹುದಿತ್ತು, ನಿಜ. ಆದರೆ ಯಾರ ಹಣದಲ್ಲಿ, ಯಾರ ಆಡಳಿತದಲ್ಲಿ, ಎಷ್ಟು ವರ್ಷ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಕಾರಣಕ್ಕೇ ಬಂಗಲೆಗಳು ಬೀಳುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಮನೆಯೊಂದು ವಸ್ತುಸಂಗ್ರಹಾಲಯವಾದ ಉತ್ತಮ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ದಂಡು ರೈಲು ನಿಲ್ದಾಣಕ್ಕೆ ಅನತಿ ದೂರದಲ್ಲಿ, ವಸಂತನಗರದ ಅರಮನೆ ರಸ್ತೆಯಲ್ಲಿರುವ ಮಾಣಿಕ್ಯವೇಲು ಮ್ಯಾನ್ಷನ್ ಅದು. ಸಾಧಾರಣ ಹಿನ್ನೆಲೆಯಿಂದ ಬಂದು ಮ್ಯಾಂಗನೀಸ್ ಮತ್ತು ಕ್ರೋಮ್ ಗಣಿ ಉದ್ಯಮದಿಂದ ಶ್ರೀಮಂತರಾದ ರಾಜಾ ಮಾಣಿಕ್ಯವೇಲು ಮೊದಲಿಯಾರರು ಇದನ್ನು ಮೈಸೂರು ಯುವರಾಜರಿಂದ ಕೊಂಡರೆಂದು ಹೇಳಲಾಗುತ್ತದೆ. ಮುಂದೆ ಕುಟುಂಬದ ದೆಸೆ ತಿರುಗಿತು. 1960ರ ದಶಕದಲ್ಲಿ ಮನೆಯು ಹಳಬರು ಸಿಐಟಿಬಿ ಎಂದೇ ಕರೆಯುತ್ತಿದ್ದ ನಗರ ಸುಧಾರಣಾ ಮಂಡಳಿಯ ಕೈಗೆ ಬಂತು. 1964ರಲ್ಲಿ ಅಲ್ಲಿಂದ ಗೃಹಮಂಡಳಿಗೆ ಹೋಯಿತು. 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆ ಅದನ್ನು ಗುತ್ತಿಗೆಗೆ ಪಡೆಯಿತು. ಹಳೆಯ ಮನೆಯನ್ನು ದುರಸ್ತಿ ಮಾಡಿ, ಮರಗಳ ನಡುವೆ ಹೊಸ ಪ್ರದರ್ಶನಾಂಗಣವನ್ನು ಸೇರಿಸಿ, 2009ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಶಾಖೆಯಾಗಿ ತೆರೆಯಲಾಯಿತು. ದೆಹಲಿ, ಮುಂಬಯಿಗಳ ನಂತರ ದೇಶದಲ್ಲಿ ಇದು ಮೂರನೆಯದು. ಸುಮಾರು ಮೂರೂವರೆ ಎಕರೆಯ ಆ ಆವರಣದಲ್ಲಿ ಅಡ್ಡಾಡಿದವರಿಗೆ ಹಳೆಯ ಮನೆಯೊಂದು ಊರಿಗೆ ಏನು ಕೊಡಬಲ್ಲದು ಎಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಈ ಕಥೆಯಲ್ಲಿ ಅಡಗಿರುವ ಪಾಠವನ್ನು ನಾವು ಸರಿಯಾಗಿ ಓದಿಕೊಂಡಿಲ್ಲ. ಸರ್ಕಾರಿ ಸಂಸ್ಥೆಗಳ ಕೈಸೇರಿದ ಮೇಲೆ ಆ ಮನೆಗೆ ಯೋಗ್ಯ ಉಪಯೋಗ ದೊರೆಯಲು ನಾಲ್ಕು ದಶಕಗಳೇ ಬೇಕಾದವು. ಗುತ್ತಿಗೆಯಾದ ಮೇಲೂ ಬಾಗಿಲು ತೆರೆಯಲು ಒಂಬತ್ತು ವರ್ಷ ಹಿಡಿಯಿತು. ಮನೆ ಉಳಿದುಕೊಂಡಿದ್ದಕ್ಕೆ ಮುಖ್ಯ ಕಾರಣ ಅದು ಖಾಸಗಿ ಮಾರುಕಟ್ಟೆಯಿಂದ ಆಗಲೇ ಹೊರಗಿದ್ದದ್ದು. ವಾರಸುದಾರರ ನಡುವೆ ಪಾಲಾಗುವ, ಬಿಲ್ಡರುಗಳು ದರ ಕಟ್ಟುವ ಭಯ ಅದಕ್ಕಿರಲಿಲ್ಲ. ಜೊತೆಗೆ, ಕೇಂದ್ರ ಸರ್ಕಾರದ ಸಂಸ್ಥೆಯೊಂದು ಪ್ರತಿವರ್ಷ ಅದರ ಖರ್ಚನ್ನು ತನ್ನ ಆಯವ್ಯಯದಲ್ಲಿ ಹೊತ್ತುಕೊಂಡಿತು. ಇವೆರಡೂ ಸೌಭಾಗ್ಯಗಳು. ಫ್ರೇಜರ್ ಟೌನಿನಲ್ಲೋ ರಿಚರ್ಡ್ಸ್ ಟೌನಿನಲ್ಲೋ ಹಲಸೂರಿನ ಹಳೆಯ ಬೀದಿಗಳಲ್ಲೋ ಇಂದಿಗೂ ಜನ ವಾಸವಾಗಿರುವ ಮನೆಗಳಿಗೆ ಇಂಥ ಸೌಭಾಗ್ಯವಿಲ್ಲ.

ರಾಜ್ಯದ ಇತರೆಡೆಯ ಅನುಭವವೂ ಇದನ್ನೇ ಹೇಳುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು ಕುಟುಂಬದವರು ಮಾರಿದ್ದರು. 2011ರಲ್ಲಿ ಕೆಡವುವ ಕೆಲಸ ಆರಂಭವಾದ ಮೇಲೆ ಪತ್ರಿಕೆಗಳು ಬರೆದವು, ಕೆಲಸ ನಿಂತಿತು, ಕೊನೆಗೆ ನಗರಪಾಲಿಕೆಯೇ ಮನೆಯನ್ನು ಕೊಂಡು 2016ರ ಜುಲೈನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ವರ್ಷಗಟ್ಟಲೆ ಸಾರಿಗೆ ಅಧಿಕಾರಿಗಳ ಕಚೇರಿಯಾಗಿತ್ತು. ಕೊಡಗಿನವರ ದೀರ್ಘಕಾಲದ ಒತ್ತಾಯದ ನಂತರ 2021ರ ಫೆಬ್ರುವರಿಯಲ್ಲಿ ಅಂದಿನ ರಾಷ್ಟ್ರಪತಿಗಳು ಅದನ್ನು ಸ್ಮಾರಕ ಸಂಗ್ರಹಾಲಯವಾಗಿ ಉದ್ಘಾಟಿಸಿದರು. ಕುಪ್ಪಳಿಯ ಕವಿಮನೆಯ ನಿರ್ವಹಣೆಗೆ ಪ್ರತಿಷ್ಠಾನವೇ ಇದೆ. ಅಂಥ ಮನೆಯಿಂದಲೂ 2015ರ ನವೆಂಬರಿನಲ್ಲಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳು ಕಳವಾದವು. ಮನೆಯನ್ನು ಸಂಗ್ರಹಾಲಯ ಮಾಡುವುದು ಒಂದು ದಿನದ ಸಮಾರಂಭ. ಅದನ್ನು ಕಾಯುವುದು ಪ್ರತಿದಿನದ ಕೆಲಸ.

ಮೇಲಿನ ಮೂರೂ ಮನೆಗಳ ಹಿಂದೆ ನಾಡಿಗೆ ನಾಡೇ ಬಲ್ಲ ಹೆಸರುಗಳಿವೆ. ದಂಡು ಪ್ರದೇಶದ ಬಂಗಲೆಗಳ ಕಥೆ ಹಾಗಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಸೇನಾ ನೆಲೆ ಇಲ್ಲಿಗೆ ಬಂದ ಮೇಲೆ ಬೆಂಗಳೂರು ಎರಡಾಯಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗಲೂ ಬ್ರಿಟಿಷರು ಈ ಭಾಗವನ್ನು ತಮ್ಮ ಆಡಳಿತದಲ್ಲೇ ಇಟ್ಟುಕೊಂಡರು. 1947ರಲ್ಲಿ ಅದು ಮೈಸೂರಿಗೆ ಮರಳಿ, 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯಡಿ ಸೇರಿದವು. ಈ ಒಂದೂವರೆ ಶತಮಾನದಲ್ಲಿ ಇಲ್ಲಿ ಬೆಳೆದ ಊರನ್ನು ‘ಬ್ರಿಟಿಷರ ಊರು’ ಎಂದು ತಳ್ಳಿಹಾಕುವವರಿದ್ದಾರೆ. ‘ಪರಂಗಿಯವರ ಪಳೆಯುಳಿಕೆ ನಮಗೇಕೆ?’ ಎಂಬ ಪ್ರಶ್ನೆಯನ್ನು ನಾನು ವಿದ್ಯಾವಂತರ ಬಾಯಿಂದಲೇ ಕೇಳಿದ್ದೇನೆ.

ಅವರು ಸ್ವಲ್ಪ ಇತಿಹಾಸ ನೋಡಬೇಕು. 1868ರಲ್ಲಿ ಪೂರ್ಣಗೊಂಡ ಅಠಾರ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರರು ದಂಡಿನ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಬಡಮಕ್ಕಳಿಗಾಗಿ 1873ರಲ್ಲಿ ಅವರು ಆರಂಭಿಸಿದ ಶಾಲೆಯೇ ಇಂದಿನ ಆರ್‌ಬಿಎಎನ್‌ಎಂ ವಿದ್ಯಾಸಂಸ್ಥೆಗಳ ಬೇರು. ಶಿವಾಜಿನಗರದ ಘೋಷಾ ಆಸ್ಪತ್ರೆ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರನ್ನು ಇಂದಿಗೂ ಹೊತ್ತಿದೆ. ಕೆ.ಆರ್. ಪುರದ ಬಳಿಯ ವಿಶಾಲವಾದ ಕೆರೆಗೆ ಎಲೆ ವ್ಯಾಪಾರಿ ಮಲ್ಲಪ್ಪ ಶೆಟ್ಟರ ಹೆಸರಿದೆ. ದಂಡನ್ನು ಆಳಿದವರು ಪರದೇಶದವರಿರಬಹುದು. ಅದನ್ನು ಕಟ್ಟಿದ ಹಣ, ಗಾರೆ ಕಲಸಿದ ಕೈ, ತೇಗ ಕೊರೆದ ಉಳಿ ಎಲ್ಲವೂ ಇಲ್ಲಿಯವೇ. ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ಬದುಕಿದ ಅಡುಗೆಯವರು, ಮಾಲಿಗಳು, ದೋಬಿಗಳು, ಕುದುರೆ ಸಾಕುವವರು ಆಡುತ್ತಿದ್ದ ತಮಿಳು, ಉರ್ದು, ಕನ್ನಡ, ತೆಲುಗುಗಳ ಮಿಶ್ರಣದಿಂದಲೇ ಈ ಭಾಗದ ಮಾತು ರೂಪುಗೊಂಡಿತು. ಇವರ ಬದುಕನ್ನು ಅವರ ಮನೆಗಳಲ್ಲೇ ತೋರಿಸುವ ಅವಕಾಶ ಪ್ರತಿ ಬಂಗಲೆಯ ಜೊತೆಗೆ ಸ್ವಲ್ಪಸ್ವಲ್ಪವೇ ಕಡಿಮೆಯಾಗುತ್ತಿದೆ.

ಹಾಗಾದರೆ ಮಾಲೀಕರು ಏಕೆ ಮಾರುತ್ತಾರೆ? ದುರಾಸೆ ಎನ್ನುವುದು ಸುಲಭದ ಉತ್ತರ. ನನ್ನ ಪರಿಚಯದ ಒಂದು ಕುಟುಂಬಕ್ಕೆ ಫ್ರೇಜರ್ ಟೌನಿನ ಸುತ್ತಮುತ್ತ ನೂರು ವರ್ಷ ದಾಟಿದ ಮನೆಯಿದೆ. ಮಂಕಿಟಾಪ್ ಕಿಟಕಿಗಳು, ಮಂಗಳೂರು ಹೆಂಚು, ಒಳಗೆ ಮದ್ರಾಸ್ ತಾರಸಿ. ಎಂಬತ್ತು ದಾಟಿದ ಹಿರಿಯ ಸಹೋದರಿ ಅಲ್ಲಿ ಒಬ್ಬರೇ ಇದ್ದಾರೆ. ಹಕ್ಕುದಾರರು ಏಳು ಮಂದಿ, ಮೂರು ದೇಶಗಳಲ್ಲಿ ಹಂಚಿಹೋಗಿದ್ದಾರೆ. ಮಳೆಗಾಲದಲ್ಲಿ ಸೋರುವ ತಾರಸಿಗೆ ಸುಣ್ಣದ ಗಾರೆ ಹಾಕಬಲ್ಲ ಕೆಲಸಗಾರರು ಸಿಗುವುದಿಲ್ಲ. ಸಿಕ್ಕರೆ ಅವರ ಕೂಲಿಗೆ ಪಿಂಚಣಿ ಸಾಲುವುದಿಲ್ಲ. ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತದೆ. ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿದೆ. ಆ ಅಮ್ಮ ನನ್ನನ್ನು ಕೇಳಿದ್ದು ಒಂದೇ ಮಾತು: ‘ನೀವು ಸರ್ಕಾರದಲ್ಲಿದ್ದವರು. ಮನೆಯನ್ನು ಸರ್ಕಾರಕ್ಕೆ ಕೊಟ್ಟರೆ ಅದು ಉಳಿಯುತ್ತದೆಯೇ, ನೀವೇ ಹೇಳಿ.’

ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ ಹೌದು ಎನ್ನಲು ನಾಲಗೆ ಬರಲಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. ಲಾಲ್‌ಬಾಗಿನ ಕೃಂಬಿಗಲ್ ಹಾಲ್ 2017ರಲ್ಲಿ ಉರುಳಿತು. ಇವೆರಡೂ ಸಾರ್ವಜನಿಕ ಆಸ್ತಿಗಳೇ. ಸರ್ಕಾರದ ಕೈಸೇರುವುದು ರಕ್ಷಣೆಯ ಆರಂಭವಾಗಬಹುದು, ಖಾತರಿಯಲ್ಲ. ಕಟ್ಟಡ ಹಸ್ತಾಂತರವಾದ ವರ್ಷ ಸಿಗುವ ಅನುದಾನ ಐದನೆಯ ವರ್ಷಕ್ಕೆ ಸಿಗುವುದಿಲ್ಲ. ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆ ಇರುತ್ತದೆ, ಸೋರುವ ಹೆಂಚು ಬದಲಿಸಲು ಶಂಕುಸ್ಥಾಪನೆ ಇರುವುದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಮಧ್ಯಮ ಗಾತ್ರದ ಬಂಗಲೆಯೊಂದನ್ನು ಸಂಗ್ರಹಾಲಯವಾಗಿ ನಡೆಸಲು ಕಾವಲುಗಾರರು, ಒಬ್ಬ ಕ್ಯುರೇಟರ್, ವಿದ್ಯುತ್, ದುರಸ್ತಿ ಎಲ್ಲ ಸೇರಿ ವರ್ಷಕ್ಕೆ 60 ಲಕ್ಷ ರೂಪಾಯಿ ಬೇಕೆಂದು ಇಟ್ಟುಕೊಳ್ಳಿ. ದಿನಕ್ಕೆ ನೂರು ಜನ, ತಲಾ 50 ರೂಪಾಯಿ ಪ್ರವೇಶ ಶುಲ್ಕ, ವರ್ಷಕ್ಕೆ 300 ದಿನ ಎಂದರೆ ಬರುವುದು 15 ಲಕ್ಷ. ಉಳಿದ 45 ಲಕ್ಷ ಎಲ್ಲಿಂದ ಬರಬೇಕು? ಶೇ 6ರ ಬಡ್ಡಿಯಲ್ಲಿ ಅಷ್ಟು ಹಣ ಹುಟ್ಟಬೇಕಾದರೆ ಏಳೂವರೆ ಕೋಟಿ ರೂಪಾಯಿಯ ದತ್ತಿನಿಧಿ ಬೇಕು. ಬೆಲೆಯೇರಿಕೆಗೆ ತಕ್ಕಂತೆ ಬಡ್ಡಿಯ ಒಂದಂಶವನ್ನು ನಿಧಿಗೇ ಮರಳಿ ಸೇರಿಸುವುದಾದರೆ ಅದಕ್ಕೂ ಹೆಚ್ಚು. ಅಂಕಿಗಳು ಮನೆಯಿಂದ ಮನೆಗೆ ಬದಲಾಗಬಹುದು, ತರ್ಕ ಬದಲಾಗದು. ಟಿಕೆಟ್ ಹಣದಿಂದಲೇ ನಡೆಯುವ ಮನೆ–ಸಂಗ್ರಹಾಲಯ ವಿರಳ. ದತ್ತಿನಿಧಿಯಿಲ್ಲದೆ ಮನೆಯನ್ನು ದಾನ ಪಡೆಯುವುದೆಂದರೆ ಮೇವಿಲ್ಲದೆ ಆನೆಯನ್ನು ಕಟ್ಟಿಕೊಂಡಂತೆ.

ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ ಈ ಸತ್ಯವನ್ನು ಬಹಳ ಹಿಂದೆಯೇ ಅರಿತಿತ್ತು. 1895ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1937ರಲ್ಲಿ ಶ್ರೀಮಂತ ಕುಟುಂಬಗಳ ಗ್ರಾಮಾಂತರ ಮಹಲುಗಳಿಗಾಗಿ ಯೋಜನೆಯೊಂದನ್ನು ರೂಪಿಸಿತು. ಮಹಲನ್ನು ಕೊಡುವವರು ಅದರ ನಿರ್ವಹಣೆಗೆ ಬೇಕಾದ ಹಣವನ್ನೋ ಆದಾಯ ತರುವ ಭೂಮಿಯನ್ನೋ ಜೊತೆಗೆ ಕೊಡಬೇಕು. ಪ್ರತಿಯಾಗಿ ಕುಟುಂಬ ಅಲ್ಲಿಯೇ ವಾಸ ಮುಂದುವರಿಸಬಹುದು, ಸಾರ್ವಜನಿಕರಿಗೆ ಮನೆ ತೆರೆದಿರಬೇಕು. ನಮ್ಮ ದೇಶದಲ್ಲೇ ಮುಂಬಯಿಯ ಬೈಕುಲ್ಲಾದಲ್ಲಿರುವ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಮಾದರಿಯಿದೆ. 2003ರಲ್ಲಿ ಮಹಾನಗರ ಪಾಲಿಕೆ, ಇಂಟ್ಯಾಕ್ ಮತ್ತು ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ತ್ರಿಪಕ್ಷೀಯ ಒಪ್ಪಂದ ಮಾಡಿಕೊಂಡು, ಶಿಥಿಲವಾಗಿದ್ದ ಆ ಕಟ್ಟಡವನ್ನು ಜೀರ್ಣೋದ್ಧಾರ ಮಾಡಿ 2008ರಲ್ಲಿ ಮತ್ತೆ ತೆರೆದವು. ಅಲ್ಲಿ ಒಡೆತನ ಪಾಲಿಕೆಯದೇ. ಆಡಳಿತವನ್ನು ಮಾತ್ರ ಪ್ರತ್ಯೇಕ ಟ್ರಸ್ಟಿಗೆ ವಹಿಸಲಾಯಿತು.

ನಮ್ಮಲ್ಲಿ ಕಾನೂನಿನ ಸ್ಥಿತಿ ಏನು? 1961ರ ರಾಜ್ಯ ಪ್ರಾಚೀನ ಸ್ಮಾರಕಗಳ ಕಾಯ್ದೆ ಘೋಷಿತ ಸ್ಮಾರಕಗಳನ್ನು ರಕ್ಷಿಸುತ್ತದೆ. ಜನ ವಾಸವಿರುವ ಬಂಗಲೆಗೆ ಅದು ಹೊಂದುವ ಅಂಗಿಯಲ್ಲ. ಬೆಂಗಳೂರಿನ 2031ರ ಮಹಾಯೋಜನೆಯ ಕರಡು 2017ರಲ್ಲಿ ಪ್ರಕಟವಾದಾಗ ಹನ್ನೆರಡು ಪಾರಂಪರಿಕ ವಲಯಗಳ ಪ್ರಸ್ತಾಪವಿತ್ತು. ಆ ಕರಡು ಅಂತಿಮವಾಗಲಿಲ್ಲ, ಸರ್ಕಾರ ಅದನ್ನು ಮುಂದೆ ಹಿಂತೆಗೆದುಕೊಂಡಿತು. 2007ರಲ್ಲಿ ಮಂಜೂರಾದ ಯೋಜನೆಯೇ ಇಂದಿಗೂ ಊರನ್ನು ಆಳುತ್ತಿದೆ. ಮುಂಬಯಿ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮಾವಳಿ ತಂದದ್ದನ್ನು ನೆನೆದರೆ ನಮ್ಮ ನಿಧಾನದ ಅರಿವಾಗುತ್ತದೆ.

ಆದರೆ ನಿಷೇಧವೊಂದೇ ಸಾಲದು. ಪರಿಹಾರವಿಲ್ಲದ ನಿಷೇಧ ತಿರುಗುಬಾಣವಾಗುತ್ತದೆ. ಮನೆ ಪಟ್ಟಿಗೆ ಸೇರುತ್ತದೆ ಎಂಬ ಗಾಳಿಮಾತು ಹಬ್ಬಿದರೆ ಸಾಕು, ಅಧಿಸೂಚನೆಗೆ ಮುನ್ನವೇ ಹಾರೆಗುದ್ದಲಿಗಳು ಬರುತ್ತವೆ. ಹಳೆಯ ಬಂಗಲೆಯ ನೆರಳು, ನೋಟ, ನೆನಪುಗಳ ಲಾಭ ಇಡೀ ಬೀದಿಗೆ ಸಿಗುತ್ತದೆ, ಖರ್ಚು ಮಾತ್ರ ಒಂದೇ ಮನೆಯವರದು. ಅರ್ಥಶಾಸ್ತ್ರ ಇದನ್ನು ಬಾಹ್ಯ ಪ್ರಯೋಜನ ಎನ್ನುತ್ತದೆ. ಪ್ರಯೋಜನ ಪಡೆಯುವವರು ವೆಚ್ಚದ ಒಂದು ಪಾಲನ್ನು ಹೊರದಿದ್ದರೆ ಅಂಥ ವಸ್ತು ಕಾಲಕ್ರಮೇಣ ಇಲ್ಲವಾಗುತ್ತದೆ.

ವೆಚ್ಚ ಹೊರಲು ಹಣವೇ ಇಲ್ಲ ಎನ್ನುವ ಹಾಗಿಲ್ಲ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಆರಂಭವಾದ ಮೆಟ್ರೊ 2023ರಲ್ಲಿ ಕೆ.ಆರ್. ಪುರವನ್ನು ದಾಟಿ ವೈಟ್‌ಫೀಲ್ಡ್ ತಲುಪಿದೆ. ಹಲಸೂರು, ಇಂದಿರಾನಗರಗಳಲ್ಲಿ ಅದರ ಹಾದಿಯ ಇಕ್ಕೆಲಗಳ ನೆಲದ ಬೆಲೆ ಏರಿದ್ದು ಮಾಲೀಕರ ಪರಿಶ್ರಮದಿಂದಲ್ಲ, ಸಾರ್ವಜನಿಕ ಹೂಡಿಕೆಯಿಂದ. ಹೆಚ್ಚುವರಿ ಮಹಡಿಗಳಿಗೆ ಅನುಮತಿ ನೀಡುವಾಗ ಸಂಗ್ರಹಿಸುವ ಶುಲ್ಕದಲ್ಲಿ ಒಂದು ಸಣ್ಣ ಭಾಗವನ್ನು ಪಾರಂಪರಿಕ ನಿಧಿಗೆ ಮೀಸಲಿಟ್ಟರೆ ಅನ್ಯಾಯವೇನೂ ಆಗದು. ಊರಿನ ಬೆಳವಣಿಗೆಯೇ ಊರಿನ ನೆನಪಿಗೆ ದತ್ತಿ ಕೊಟ್ಟಂತಾಗುತ್ತದೆ. ಬಂಗಲೆಯ ಮೇಲೆ ಕಟ್ಟಬಹುದಾಗಿದ್ದ ಮಹಡಿಗಳ ಹಕ್ಕನ್ನು ಮಾಲೀಕರು ಬೇರೆಡೆಗೆ ಮಾರಲು ಅವಕಾಶ ಕೊಡುವ ಟಿಡಿಆರ್ ವ್ಯವಸ್ಥೆಯನ್ನೂ ಬಳಸಬಹುದು. ಆದರೆ ಎಚ್ಚರಿಕೆ ಬೇಕು. ಪೂರ್ವ ಬೆಂಗಳೂರಿನ ರಸ್ತೆ ವಿಸ್ತರಣೆಗೆ ನೀಡಿದ ಟಿಡಿಆರ್‌ಗಳ ಅಕ್ರಮದ ಬಗ್ಗೆ 2019ರಲ್ಲಿ ತನಿಖೆಯೇ ನಡೆಯಬೇಕಾಯಿತು. ಪ್ರತಿ ಪ್ರಮಾಣಪತ್ರದ ವಿವರವೂ ಸಾರ್ವಜನಿಕರ ಪರಿಶೀಲನೆಗೆ ತೆರೆದಿದ್ದರೆ ಮಾತ್ರ ಈ ಉಪಾಯ ಫಲಿಸೀತು. ಇನ್ನು 2013ರ ಕಂಪನಿ ಕಾಯ್ದೆಯು ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಬಳಸಲು ಸ್ಪಷ್ಟವಾಗಿ ಅವಕಾಶ ನೀಡಿದೆ. ಇಷ್ಟೊಂದು ದೊಡ್ಡ ಕಂಪನಿಗಳಿರುವ ಊರಿನಲ್ಲಿ ಈ ಬಾಗಿಲನ್ನು ಇನ್ನೂ ಗಟ್ಟಿಯಾಗಿ ತಟ್ಟಬೇಕಾಗಿದೆ.

ಶಾಲೆಗಳಲ್ಲಿ ಶೌಚಾಲಯವಿಲ್ಲದಿರುವಾಗ ಸಿರಿವಂತರ ಬಂಗಲೆಗಳಿಗೆ ಹಣವೇ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲಿಯೇ ಇದೆ. ಶಾಲೆಯ ಹಣವನ್ನು ಮುಟ್ಟಬೇಕೆಂದು ನಾನು ಹೇಳುತ್ತಿಲ್ಲ. ಕಟ್ಟಡ ಉದ್ಯಮದ ಲಾಭದಿಂದಲೇ ಆ ಉದ್ಯಮ ಅಳಿಸುತ್ತಿರುವುದರ ಒಂದಂಶವನ್ನು ಉಳಿಸೋಣ ಎನ್ನುತ್ತಿದ್ದೇನೆ. ಎಲ್ಲ ಬಂಗಲೆಗಳನ್ನೂ ಸಂಗ್ರಹಾಲಯ ಮಾಡಬೇಕಿಲ್ಲ, ಸಾಧ್ಯವೂ ಇಲ್ಲ. ಹೆಚ್ಚಿನವು ಮನೆಗಳಾಗಿಯೇ, ಶಾಲೆ, ಗ್ರಂಥಾಲಯ, ಉಪಾಹಾರ ಗೃಹಗಳಾಗಿಯೇ ಬಾಳಲಿ. ತೆರಿಗೆ ರಿಯಾಯಿತಿಯೂ ಗಾರೆ ಕೆಲಸ ಬಲ್ಲವರ ನೆರವೂ ದೊರೆತರೆ ಅವು ಬಾಳುತ್ತವೆ. ಒಂದೋ ಎರಡೋ ಮಾತ್ರ ಸಂಗ್ರಹಾಲಯವಾಗಲಿ, ಆದರೆ ಸರಿಯಾಗಿ ಆಗಲಿ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಯಜಮಾನರ ಬೆಳ್ಳಿ ತಟ್ಟೆಯನ್ನಷ್ಟೇ ಇಟ್ಟರೆ ಸಾಲದು. ಅಡುಗೆಮನೆಯ ಒಲೆ, ಬಟ್ಲರನ ಲೆಕ್ಕದ ಪುಸ್ತಕ, ಔಟ್‌ಹೌಸಿನ ಕಿರಿದಾದ ಕೋಣೆ, ಗಾರೆ ಅರೆಯುತ್ತಿದ್ದ ಕಲ್ಲು ಇವೂ ಇರಲಿ. ಶಿವಾಜಿನಗರದ ಹುಡುಗನೊಬ್ಬ ಒಳಬಂದಾಗ ತನ್ನ ಅಜ್ಜನ ಕೆಲಸದ ಗುರುತು ಅಲ್ಲಿ ಸಿಗಬೇಕು.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಅದರಡಿ ಐದು ನಗರಪಾಲಿಕೆಗಳು ರಚನೆಯಾಗಿವೆ. ಹೊಸ ಸಂಸ್ಥೆಗಳಿಗೆ ಹೊಸ ಅಭ್ಯಾಸ ಕಲಿಸಲು ಇದು ತಕ್ಕ ಕಾಲ. ನನ್ನ ಸಲಹೆಗಳು ನಾಲ್ಕೇ. ಒಂದು, ಪ್ರತಿ ಪಾಲಿಕೆ ತನ್ನ ವ್ಯಾಪ್ತಿಯ ಹಳೆಯ ಮನೆಗಳ ಪಟ್ಟಿಯನ್ನು ಮಾಲೀಕರೊಂದಿಗೆ ಕುಳಿತು ಸಿದ್ಧಪಡಿಸಲಿ. ಎರಡು, ಪಟ್ಟಿಗೆ ಸೇರುವ ದಿನವೇ ತೆರಿಗೆ ರಿಯಾಯಿತಿ ಮತ್ತು ದುರಸ್ತಿ ನೆರವು ಜಾರಿಗೆ ಬರಲಿ. ಮೂರು, ಮನೆಯನ್ನು ಸಾರ್ವಜನಿಕರಿಗೆ ಕೊಡಬಯಸುವ ಕುಟುಂಬದ ಹಿರಿಯರಿಗೆ ಜೀವಿತಾವಧಿಯ ವಾಸದ ಹಕ್ಕನ್ನೂ ಇತರ ಹಕ್ಕುದಾರರಿಗೆ ನ್ಯಾಯವಾದ ಪರಿಹಾರವನ್ನೂ ಕೊಡುವ ನಿಯಮ ಬರಲಿ. ನಾಲ್ಕು, ದತ್ತಿನಿಧಿ ಬ್ಯಾಂಕಿನಲ್ಲಿ ಜಮೆಯಾಗುವವರೆಗೆ ಯಾವ ಮನೆಯ ಮುಂದೆಯೂ ‘ವಸ್ತುಸಂಗ್ರಹಾಲಯ’ ಎಂಬ ಫಲಕ ಏಳದಿರಲಿ.

ನಾಲ್ಕನೆಯದು ಕಠಿಣವೆನಿಸಬಹುದು. ಆದರೆ ಮನೆ ಕೊಟ್ಟವರ ನಂಬಿಕೆಗೆ ದ್ರೋಹವಾಗದಂತೆ ನೋಡಿಕೊಳ್ಳುವ ಬೇರೆ ದಾರಿ ನನಗೆ ತೋರುತ್ತಿಲ್ಲ. ಒಂದು ಕುಟುಂಬ ನಾಲ್ಕು ತಲೆಮಾರು ಕಾಪಾಡಿಕೊಂಡು ಬಂದದ್ದನ್ನು ಸರ್ಕಾರ ಕನಿಷ್ಠ ಅಷ್ಟೇ ಕಾಲ ಕಾಪಾಡುವ ಏರ್ಪಾಡು ಮಾಡಿಕೊಂಡೇ ಕೈಚಾಚಬೇಕು.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)